ಚೌಡಿಕೆಯ ದನಿ

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಸಾಗುವ ಹಾದಿಯಲ್ಲಿ, ತುಂಗಭದ್ರೆಯ ಹಿನ್ನೀರಿಗೆ ಸಮೀಪವಾಗಿ, ಮರಿಯಮ್ಮನಹಳ್ಳಿ ಎದುರಾಗುತ್ತದೆ. ನಾಟಕದ ಹೆಣ್ಣುಮಕ್ಕಳಿಗೆ ಹೆಸರಾದ ಈ ಊರು ಜೋಗತಿಯರ ಹಾಡಿಗೂ ಆಶ್ರಯವಿತ್ತಿದೆ. ಕಂಕುಳಲ್ಲಿ ಇರುಕಿದ ಚೌಡಿಕೆಯ ಒಂಟಿ ತಂತಿ ಮಿಡಿಯಿತೆಂದರೆ ರೇಣುಕೆ ಎಲ್ಲಮ್ಮನ ಕಥೆ ಮೊದಲಾಗುತ್ತದೆ: ಗಂಡನ ಶಾಪ, ಮಗನ ಕೊಡಲಿ, ತಾಯಿಯ ಅಳಲು. ಹಾಡುವವರ ಅಳಲೂ ಅದರಲ್ಲಿ ಬೆರೆತಿರುವುದನ್ನು ಅರಿಯಲು ಪಾಂಡಿತ್ಯವೇನೂ ಬೇಡ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿ ಈ ಹಾಡಿಗೆ ಅಂಟಿಕೊಂಡಿತ್ತು. 1982ರ ಕಾಯಿದೆ ಅದನ್ನು ನಿಷೇಧಿಸಿತು, ಉಚಿತವೇ ಆಯಿತು. ಆದರೆ ಮುತ್ತು ಕಟ್ಟದೆ ಹಾಡು ಉಳಿದೀತೇ? ಇಲ್ಲಿ ನೆಲೆಸಿದ ಮಂಜಮ್ಮ ಜೋಗತಿಯವರು ಜೋಗತಿ ಕುಣಿತವನ್ನು ರಂಗಮಂಚಕ್ಕೆ ತಂದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿ, ಮನೆಮಂದಿಯ ಆಸರೆ ತಪ್ಪಿದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ, ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು.