ಹಿಮದಲ್ಲಿ ಬೆವರಿನ ಲೆಕ್ಕ

ಗೋವಾದ ವಾಸ್ಕೊದಲ್ಲಿ, ಹೆಡ್‌ಲ್ಯಾಂಡ್ ಸಡಾದ ಗುಡ್ಡದ ಮೇಲೆ, ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ನಮ್ಮ ದೇಶದ ಅಂಟಾರ್ಕ್ಟಿಕ ಯಾತ್ರೆಗಳ ಸಿದ್ಧತೆ ನಡೆಯುವುದು ಇಲ್ಲಿಂದ. ಕೇಂದ್ರ ಶುರುವಾದದ್ದು 1998ರಲ್ಲಿ; ಗೋವಾಕ್ಕೂ ಹಿಮಖಂಡಕ್ಕೂ ಇರುವ ನಂಟು ಅದಕ್ಕಿಂತ ಹಳೆಯದು. ಸೈಯದ್ ಜಹೂರ್ ಕಾಸಿಂ ಅವರ ಮುಂದಾಳುತನದ ಮೊದಲ ತಂಡ ‘ಪೋಲಾರ್ ಸರ್ಕಲ್’ ಹಡಗಿನಲ್ಲಿ ಹೊರಟದ್ದು 1981ರ ಡಿಸೆಂಬರ್ 6ರಂದು, ಗೋವಾದಿಂದಲೇ. ಅಂಟಾರ್ಕ್ಟಿಕದ ಮೇಲೆ ಕಾಲಿಟ್ಟದ್ದು 1982ರ ಜನವರಿ 9ರಂದು. ಮೂರನೆಯ ಯಾತ್ರೆಯಲ್ಲಿ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರಾದ ಅದಿತಿ ಪಂತ್ ದೋನಾ ಪಾವ್ಲಾದ ಸಮುದ್ರವಿಜ್ಞಾನ ಸಂಸ್ಥೆಯವರು. ವರ್ಷವಿಡೀ ಫ್ಯಾನು ತಿರುಗುವ ಊರು ಹಿಮದ ಕೆಲಸಕ್ಕೆ ಜನರನ್ನು ಸಜ್ಜುಮಾಡಿ ಕಳಿಸುವುದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಿಮದಲ್ಲಿ ಓಡಾಡುವವರು ಹೇಗೆ ಉಡಬೇಕು ಎಂಬುದನ್ನು ತಿಳಿಯಲು ಕರಾವಳಿಯ ಮನುಷ್ಯನಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ: ಆತನಿಗೆ ಬೆವರು ಗೊತ್ತು. ಚಳಿಯ ಉಡುಪಿನ ವಿದ್ಯೆಯಲ್ಲಿ ಬಹುಪಾಲು ಬೆವರಿನದೇ ವಿದ್ಯೆ ಎಂಬುದು ನನ್ನ ವಾದ.

ಯಾತ್ರೆಗೆ ಆಯ್ಕೆಯಾದವರನ್ನು ಉತ್ತರಾಖಂಡದ ಔಲಿಯಲ್ಲಿರುವ ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆಯ (ಐಟಿಬಿಪಿ) ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆಯಲ್ಲಿ ಹಿಮಕ್ಕೆ ಒಗ್ಗಿಸುವ ರೂಢಿಯಿದೆ. ಔಲಿಯ ಇಳಿಜಾರುಗಳಲ್ಲಿ, ಗುಲ್ಮಾರ್ಗಿನ ಅಫರ್‌ವಟ್ ಬೆಟ್ಟದಲ್ಲಿ ಈಚೆಗೆ ಬೆಳೆಯುತ್ತಿರುವ ಇನ್ನೊಂದು ಹವ್ಯಾಸವೂ ಇದೆ, ಸ್ಕೀ ಟೂರಿಂಗ್. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಜಾರಿ ಬರುವ ಆಟ ಇದಲ್ಲ. ಸ್ಕೀ ಹಲಗೆಯ ತಳಕ್ಕೆ ಹಿಂದಕ್ಕೆ ಜಾರದಂತೆ ತಡೆಯುವ ‘ಸ್ಕಿನ್’ ಎಂಬ ಪಟ್ಟಿ ಅಂಟಿಸಿಕೊಂಡು, ಬೆನ್ನಿಗೆ ಚೀಲ ಹೊತ್ತು, ಯಾರೂ ತುಳಿಯದ ಹಿಮದಲ್ಲಿ ಗಂಟೆಗಟ್ಟಲೆ ಏರಬೇಕು, ನೆತ್ತಿಯ ಮೇಲೆ ನಿಂತು ಪಟ್ಟಿ ಕಿತ್ತು ಮಡಚಿಡಬೇಕು, ಆಮೇಲೆ ಇಳಿಯಬೇಕು. ಈ ಮೂರು ಹಂತಗಳಲ್ಲಿ ಹೊರಗಿನ ಹವೆ ಅದೇ ಇದ್ದರೂ ಮೈಯ ಪಾಲಿಗೆ ಅವು ಮೂರು ಬೇರೆ ಊರುಗಳು. ಏರುವಾಗ ಮೈ ಒಲೆಯಾಗಿರುತ್ತದೆ, ನಡಿಗೆ ನಿಧಾನ. ನೆತ್ತಿಯಲ್ಲಿ ದುಡಿಮೆ ನಿಂತಿರುತ್ತದೆ, ಗಾಳಿ ಎಲ್ಲಕ್ಕಿಂತ ಜೋರು. ಇಳಿಯುವಾಗ ಗಾಳಿಯೇ ಇಲ್ಲದಿದ್ದರೂ ಇಳಿಯುವ ವೇಗವೇ ಗಾಳಿಯನ್ನು ಹುಟ್ಟಿಸುತ್ತದೆ. ಒಂದೇ ಉಡುಪು ಈ ಮೂರಕ್ಕೂ ಸರಿಹೊಂದುತ್ತದೆ ಎಂದು ನಂಬುವುದೇ ಎಲ್ಲ ತೊಂದರೆಯ ಬೇರು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖ ಹೊರಸೂಸುತ್ತದೆ. ಹೊರೆ ಹೊತ್ತು ಗುಡ್ಡ ಏರುವಾಗ ಅದು ಐದಾರು ಪಟ್ಟಾಗುವುದು ಸಾಮಾನ್ಯ. ಕುಳಿತವನನ್ನು ಬೆಚ್ಚಗಿಡುವ ಕೋಟು ಏರುವವನನ್ನು ಬೇಯಿಸುತ್ತದೆ, ಮೈ ಬೆವರುತ್ತದೆ. ಬೆವರಿದ್ದಕ್ಕೆ ಸಾಲ ತೀರಿಸಬೇಕಾದ್ದು ಆಮೇಲೆ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 2400 ಕಿಲೋಜೌಲ್ ಶಾಖ ಬೇಕು. ಏರು ಮುಗಿಯುವ ಹೊತ್ತಿಗೆ ಬಟ್ಟೆಯಲ್ಲಿ ಕಾಲು ಲೀಟರಷ್ಟೇ ನಿಂತಿದೆ ಎಂದುಕೊಳ್ಳಿ. ಅದನ್ನು ಒಣಗಿಸಲು 600 ಕಿಲೋಜೌಲ್. ಸುಮ್ಮನೆ ನಿಂತ ದೇಹ ಗಂಟೆಗೆ ಕೊಡುವುದು 360. ಅಂದರೆ ಒಂದೂವರೆ ಗಂಟೆಗೂ ಮೀರಿ ಮೈ ಹುಟ್ಟಿಸುವ ಶಾಖವೆಲ್ಲ ಆ ಕಾಲು ಲೀಟರ್ ನೀರಿಗೇ ಹೋಗುತ್ತದೆ. ಮೈಗೆ ಉಳಿಯುವುದೇನೂ ಇಲ್ಲ. ಇದರ ಮೇಲೆ ಇನ್ನೊಂದು ನಷ್ಟ. ಬಟ್ಟೆ ಬೆಚ್ಚಗಿರುವುದು ಅದರೊಳಗೆ ಅಲ್ಲಾಡದೆ ನಿಂತ ಗಾಳಿಯಿಂದ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಗಾಳಿ ನಿಂತಿದ್ದ ಜಾಗದಲ್ಲಿ ಬೆವರು ನಿಂತರೆ, ಎಷ್ಟು ದಪ್ಪದ ಬಟ್ಟೆಯಾದರೂ ಕೆಲಸಕ್ಕೆ ಬಾರದು.

ಗೋವಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಮುಂಚಿನ ಮೇ ತಿಂಗಳಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಸುತ್ತಲಿನ ಗಾಳಿ ಆಗಲೇ ನೀರಿನಿಂದ ತುಂಬಿರುತ್ತದೆ, ಇನ್ನಷ್ಟು ಆವಿಗೆ ಅಲ್ಲಿ ಎಡೆಯಿಲ್ಲ. ಹಿಮದ ಏರಿನಲ್ಲಿ ಗುಂಡಿ ಬಿಗಿದ ಜಾಕೆಟ್ಟಿನ ಒಳಗಿರುವುದು ಈ ಮೇ ತಿಂಗಳೇ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಬಟ್ಟೆಯೊಳಗೆ ವಾಸ್ಕೊದ ಸೆಕೆ. ಮೇ ತಿಂಗಳಲ್ಲಿ ಫ್ಯಾನು ಹಾಕುವುದೂ ಏರಿನಲ್ಲಿ ಜಿಪ್ಪು ತೆರೆಯುವುದೂ ಒಂದೇ ಕಾರಣಕ್ಕೆ, ತೇವ ತುಂಬಿದ ಗಾಳಿಯನ್ನು ಸರಿಸಿ ಒಣಗಾಳಿ ತರಲು. ವ್ಯತ್ಯಾಸವಿರುವುದು ಹತ್ತಿಯ ವಿಷಯದಲ್ಲಿ ಮಾತ್ರ. ನಮ್ಮ ಹತ್ತಿ ಬನಿಯನ್ನು ಬೆವರನ್ನು ಹೀರಿಕೊಂಡು ಮೈಗಂಟಿ ತಂಪು ಕೊಡುತ್ತದೆ. ಕರಾವಳಿಯಲ್ಲಿ ಅದಕ್ಕಿಂತ ಒಳ್ಳೆಯ ಒಳಉಡುಪಿಲ್ಲ. ಹಿಮದಲ್ಲಿ ಅದೇ ಗುಣ ಅಪಾಯ ತರುತ್ತದೆ, ಬೇಡವೆಂದರೂ ತಂಪು ಕೊಡುತ್ತಲೇ ಇರುತ್ತದೆ. ಮನಾಲಿಗೋ ಔಲಿಗೋ ಹೋಗುವ ದಕ್ಷಿಣದವರು ದುಬಾರಿ ಜಾಕೆಟ್ಟಿನ ಅಡಿಯಲ್ಲಿ ಹತ್ತಿ ಬನಿಯನ್ನನ್ನೂ ಜೀನ್ಸನ್ನೂ ಹಾಗೇ ಉಳಿಸಿಕೊಳ್ಳುವುದನ್ನು ನೆನೆದರೆ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಪದರಗಳ ಮಾತು ಬರುವುದು ಇಲ್ಲಿ. ಮೈಗೆ ತಾಗುವ ಒಳಪದರದ ಕೆಲಸ ಬೆಚ್ಚಗಿಡುವುದಕ್ಕಿಂತ ಹೆಚ್ಚಾಗಿ ಬೆವರನ್ನು ಚರ್ಮದಿಂದ ದೂರ ಸಾಗಿಸುವುದು. ಪಾಲಿಯೆಸ್ಟರ್ ನೂಲು ನೀರನ್ನು ತನ್ನೊಳಗೆ ಹೆಚ್ಚುಕಡಿಮೆ ಸೇರಿಸಿಕೊಳ್ಳುವುದೇ ಇಲ್ಲ, ಬೇಗ ಒಣಗುತ್ತದೆ. ನಯವಾದ ಮೆರಿನೊ ಉಣ್ಣೆಯ ದಾರಿ ಬೇರೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಅಡಗಿಸಿಕೊಂಡು, ಹಾಗೆ ಅಡಗಿಸುವಾಗ ತುಸು ಶಾಖವನ್ನೂ ಬಿಟ್ಟುಕೊಡುತ್ತದೆ. 1933ರಲ್ಲಿ ಹೆನ್ರಿಕ್ ಬ್ರೂನ್ ಎಂಬ ನಾರ್ವೆಯ ಸೇನಾಧಿಕಾರಿ ಮೀನಿನ ಬಲೆಯನ್ನೇ ಹೊಲಿಸಿ ಒಳಅಂಗಿ ಮಾಡಿಸಿದ. ಬರೀ ತೂತುಗಳ ಆ ಅಂಗಿ ತಾನಾಗಿ ಏನನ್ನೂ ಬೆಚ್ಚಗಿಡದು. ಅದರ ಮೇಲೆ ಇನ್ನೊಂದು ಅಂಗಿ ತೊಟ್ಟಾಗ ಕಣ್ಣು ಕಣ್ಣಿನಲ್ಲೂ ಗಾಳಿ ನಿಲ್ಲುತ್ತದೆ, ಬೆವರಿನ ಆವಿ ತಡೆಯಿಲ್ಲದೆ ಹೊರಗೆ ಹೋಗುತ್ತದೆ. ಇಂಥ ಬಲೆಯಂಗಿ ಇಂದಿಗೂ ಬಳಕೆಯಲ್ಲಿದೆ. ಬೆಚ್ಚಗಿಡುವ ನಡುಪದರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಪ್ಪದ್ದೊಂದರ ಬದಲು ತೆಳ್ಳನೆಯ ಎರಡಿದ್ದರೆ ಒಂದನ್ನು ಕಳಚಬಹುದು, ಅಷ್ಟೇ. ಹೊರಪದರ ಗಾಳಿಗೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ 1941ರಲ್ಲಿ ಅಂಟಾರ್ಕ್ಟಿಕದಲ್ಲೇ ಪ್ಲಾಸ್ಟಿಕ್ ಉರುಳೆಯಲ್ಲಿ ನೀರು ತುಂಬಿ ಗಾಳಿಗೊಡ್ಡಿ, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆದರು. ಗಾಳಿಚಳಿಯ ಲೆಕ್ಕ ಹುಟ್ಟಿದ್ದು ಹಾಗೆ. ಅಮೆರಿಕ ಮತ್ತು ಕೆನಡಾ 2001ರಲ್ಲಿ ತಿದ್ದಿ ಬಳಕೆಗೆ ತಂದ ಸೂತ್ರದ ಪ್ರಕಾರ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಹವೆಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು 22 ಡಿಗ್ರಿ ಕೆಳಗಿದ್ದಂತೆ. ಅಂಟಾರ್ಕ್ಟಿಕದಲ್ಲಿ ನಮ್ಮ ದೇಶದ ಮೈತ್ರಿ ನೆಲೆಯಲ್ಲಿರುವವರಿಗೆ ಇದು ಪುಸ್ತಕದ ಮಾತಲ್ಲ. ಧ್ರುವದ ಎತ್ತರದ ಬಯಲಿನಲ್ಲಿ ತಣಿದು ಭಾರವಾದ ಗಾಳಿ ಇಳಿಜಾರಿನುದ್ದಕ್ಕೂ ಕೆಳಗೆ ಹರಿದು ಬರುವ ಜಾಗ ಅದು. ಗಾಳಿ ನುಸುಳದ ಹಾಳೆಯಂಥ ಹೊರಅಂಗಿ ಇಂಥಲ್ಲಿ ಮಾಡುವ ಕೆಲಸವನ್ನು ಗಾಳಿಯಾಡುವ ದಪ್ಪ ಸ್ವೆಟರ್ ಮಾಡಲಾರದು.

ಪದರಗಳ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪಣೆಯಿದೆ. ದಕ್ಷಿಣ ಧ್ರುವವನ್ನು 1911ರ ಡಿಸೆಂಬರ್ 14ರಂದು ಮೊದಲು ಮುಟ್ಟಿದ ಅಮುಂಡ್ಸನ್ ತುಪ್ಪಳದ ಉಡುಪಿನ ಮಹತ್ವ ಕಲಿತದ್ದು ಉತ್ತರ ಕೆನಡಾದ ನೆಟ್ಸಿಲಿಕ್ ಜನರಿಂದ. ಉಣ್ಣೆ, ಗ್ಯಾಬರ್ಡೀನ್ ಎಂದು ಪದರ ಕಟ್ಟಿಕೊಂಡು ಅದೇ ಧ್ರುವಕ್ಕೆ ಹೋಗಿದ್ದ ಸ್ಕಾಟ್ ತಂಡದವರು ಮರಳಿ ಬರಲಿಲ್ಲ. ಹಾಗಾದರೆ ಪದರಗಳಿಗಿಂತ ದಪ್ಪ ತುಪ್ಪಳವೇ ಮೇಲಲ್ಲವೇ? ಮೊದಲನೆಯದಾಗಿ, ಆ ಉತ್ತರದ ಜನರ ಚಳಿಗಾಲದ ಉಡುಪೂ ಎರಡು ಪದರದ್ದೇ: ಒಳಗಿನ ಅಂಗಿಯ ಕೂದಲು ಮೈಕಡೆಗೆ, ಹೊರಗಿನದರ ಕೂದಲು ಹೊರಕ್ಕೆ, ಎಲ್ಲವೂ ಸಡಿಲ, ಅಂಚಿನಲ್ಲಿ ಗಾಳಿಯಾಡುವಂತೆ. ಮುಖ್ಯವಾದ ಮಾತು ಇನ್ನೊಂದು. ಅಮುಂಡ್ಸನ್ನನ ಜಾರುಬಂಡಿಯನ್ನು ನಾಯಿಗಳು ಎಳೆದವು, ಮನುಷ್ಯರು ಪಕ್ಕದಲ್ಲಿ ಸ್ಕೀ ಮೇಲೆ ಸಾಗಿದರು. ಸ್ಕಾಟನ ಜನ ದಾರಿಯ ಬಹುಭಾಗ ತಾವೇ ನೊಗಕ್ಕೆ ಹೆಗಲು ಕೊಟ್ಟು ಎಳೆದರು, ಎಳೆದು ಬೆವರಿದರು. 1911ರ ನಡುಚಳಿಗಾಲದಲ್ಲಿ ಪೆಂಗ್ವಿನ್ ಮೊಟ್ಟೆಗಾಗಿ ಕೇಪ್ ಕ್ರೋಜಿಯರ್‌ಗೆ ಹೋಗಿಬಂದ, ಸ್ಕಾಟನ ಯಾತ್ರೆಯವರೇ ಆದ ವಿಲ್ಸನ್, ಬವರ್ಸ್, ಚೆರಿ-ಗೆರಾರ್ಡ್ ಅವರದೂ ಇದೇ ಕಥೆ. ಐದು ವಾರಗಳಲ್ಲಿ ಅವರ ಮಲಗುಚೀಲಗಳ ತೂಕ ಎರಡು ಪಟ್ಟಿಗೂ ಹೆಚ್ಚಾಯಿತು. ಹೊಸದಾಗಿ ಸೇರಿದ ತೂಕವೆಲ್ಲ ಅವರದೇ ಬೆವರು ಮತ್ತು ಉಸಿರು ಹೆಪ್ಪುಗಟ್ಟಿದ್ದು. ಆ ಚೀಲಗಳು ಜಿಂಕೆಜಾತಿಯ ತುಪ್ಪಳದವೇ ಆಗಿದ್ದವು ಎಂಬುದನ್ನು ಮರೆಯಬಾರದು. ಬಟ್ಟೆ ಯಾವುದರದು ಎಂಬ ಪ್ರಶ್ನೆಗಿಂತ ಅದರೊಳಗಿನ ಮನುಷ್ಯ ಎಷ್ಟು ದುಡಿಯುತ್ತಾನೆ ಎಂಬ ಪ್ರಶ್ನೆ ದೊಡ್ಡದು.

ಎರಡನೆಯ ಆಕ್ಷೇಪಣೆ ಇಂದಿನದು. ನೀರನ್ನು ಒಳಗೆ ಬಿಡದೆ ಆವಿಯನ್ನು ಹೊರಗೆ ಬಿಡುವ ಗೋರ್‌ಟೆಕ್ಸ್‌ನಂಥ ಬಟ್ಟೆ ಬಂದು ಅರ್ಧ ಶತಮಾನವಾಗುತ್ತ ಬಂತು, ಇನ್ನೂ ಬೆವರಿನ ಚಿಂತೆ ಏಕೆ ಎನ್ನುವವರಿದ್ದಾರೆ. ಆ ಪೊರೆ ಒಳ್ಳೆಯದೇ. ಆದರೆ ಆವಿ ಹೊರಗೆ ಹೋಗಲು ಅದಕ್ಕೊಂದು ಮಿತಿಯಿದೆ. ಕಡಿದಾದ ಏರಿನಲ್ಲಿ ಮೈ ಆ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಕಡುಚಳಿಯಲ್ಲಿ ಹೊರಗಿನ ಬಟ್ಟೆ ಎಷ್ಟು ತಣ್ಣಗಿರುತ್ತದೆಂದರೆ ಆವಿ ಪೊರೆ ದಾಟುವ ಮೊದಲೇ ಅದರ ಒಳಮೈಯಲ್ಲಿ ಇಬ್ಬನಿಯಾಗಿ ಕೂತು ಹೆಪ್ಪುಗಟ್ಟುತ್ತದೆ. ನಮ್ಮ ಮಲೆನಾಡಿನಲ್ಲಿ ನಾಟಿಯವರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬು ಈ ಸಮಸ್ಯೆಯನ್ನು ಯಾವ ಪೊರೆಯೂ ಇಲ್ಲದೆ ಬಿಡಿಸಿತ್ತು. ಬಿದಿರು, ಎಲೆಗಳ ಆ ಗೂಡು ತಲೆಯಿಂದ ಸೊಂಟದವರೆಗೆ ಮಳೆಯನ್ನು ತಡೆಯುತ್ತದೆ, ಎದುರಿಗೂ ಕೆಳಗೂ ತೆರೆದೇ ಇರುತ್ತದೆ. ಬಗ್ಗಿ ದುಡಿಯುವವರಿಗೆ ಅದು. ಕುರಿ ಕಾಯುತ್ತ ನಿಲ್ಲುವವರಿಗೆ ಮೈ ಮುಚ್ಚುವ ಕಂಬಳಿ ಕೊಪ್ಪೆ. ದುಡಿಮೆಗೊಂದು, ನಿಲ್ಲುವುದಕ್ಕೊಂದು ಎಂಬ ವಿವೇಕ ನಮ್ಮಲ್ಲಿತ್ತು. ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಹೊರಗಿನ ಮಳೆ ತಪ್ಪಿ ಒಳಗಿನ ಮಳೆ ಶುರುವಾಯಿತು.

ಮೂರನೆಯ ಆಕ್ಷೇಪಣೆಯನ್ನು ನಾನು ಅರ್ಧ ಒಪ್ಪುತ್ತೇನೆ. ಬೀಸುವ ಗಾಳಿಯಲ್ಲಿ ಚೀಲ ಇಳಿಸಿ, ಕೈಗವಸು ತೆಗೆದು, ಅಂಗಿ ಬದಲಿಸುವುದು ಬರವಣಿಗೆಯಲ್ಲಿ ಸುಲಭ. ಬೆಟ್ಟದಲ್ಲಿ ಬೆರಳು ಮರಗಟ್ಟಲು ಕೆಲವೇ ನಿಮಿಷ ಸಾಕು, ಕೈಬಿಟ್ಟ ಗವಸನ್ನು ಗಾಳಿ ಒಯ್ಯಲು ಅಷ್ಟೂ ಬೇಡ. ಹತ್ತಾರು ಸಲ ನಿಂತು ಬದಲಿಸಿ ಎಂದು ಹೇಳುವ ಉಪದೇಶ ನಿಜಕ್ಕೂ ಅಪಾಯಕಾರಿ. ಹಾಗಾಗಿ ಪದರಗಳ ಜಾಣ್ಮೆಯಿರುವುದು ಬದಲಿಸುವುದರಲ್ಲಿ ಕಡಿಮೆ, ಬದಲಿಸದೆ ಸುಧಾರಿಸುವುದರಲ್ಲಿ ಹೆಚ್ಚು. ಕಂಕುಳ ಕೆಳಗೆ ಜಿಪ್ಪಿರುವ ಹೊರಅಂಗಿ, ಕೊರಳಿನಿಂದ ಎದೆಯವರೆಗೆ ತೆರೆಯುವ ಒಳಅಂಗಿ, ನಡೆಯುತ್ತಲೇ ತೆಗೆದು ಜೇಬಿಗಿಳಿಸಬಹುದಾದ ಟೊಪ್ಪಿ, ಇಷ್ಟರಿಂದಲೇ ಏರಿನ ಬಹುಪಾಲು ನಿಭಾಯಿಸಬಹುದು. ಹೊರಡುವಾಗ ಒಂದು ಪದರ ಕಡಿಮೆಯೇ ಇರಲಿ. ಮೊದಲ ಕಾಲುಗಂಟೆ ನಡುಗಿದರೂ ಮೈ ತಾನೇ ಬೆಚ್ಚಗಾಗುತ್ತದೆ. ಗಾಳಿ ತಡೆಯುವ ಅಂಗಿಯನ್ನು ನೆತ್ತಿಯಲ್ಲಿ ಹಾಕಿಕೊಳ್ಳುವುದಲ್ಲ, ನೆತ್ತಿಗೆ ಮುಂಚೆ ಬಂಡೆಯ ಮರೆಯಲ್ಲಿ ಹಾಕಿಕೊಳ್ಳಬೇಕು. ನಿಲ್ಲುವಾಗಿನ ದಪ್ಪ ತುಪ್ಪುಳಿನ ಕೋಟು ಚೀಲದಲ್ಲಿ ಎಲ್ಲಕ್ಕಿಂತ ಮೇಲಿರಲಿ, ಎಲ್ಲದರ ಮೇಲೆ ತೊಡುವಷ್ಟು ದೊಡ್ಡದಿರಲಿ. ಒಳಗಿನದೇನನ್ನೂ ಕಳಚದೆ ಅದನ್ನು ಹೊದ್ದು, ಆಮೇಲೆ ಸ್ಕಿನ್ ಕೀಳಬೇಕು. ಕೈಗೂ ಇದೇ ನ್ಯಾಯ: ಬಕಲು ಬಿಚ್ಚುವಾಗಲೂ ತೆಗೆಯಬೇಕಿಲ್ಲದ ತೆಳು ಗವಸು ಒಳಗೆ, ಮಣಿಕಟ್ಟಿಗೆ ದಾರ ಕಟ್ಟಿದ ದಪ್ಪ ಗವಸು ಮೇಲೆ.

ಸೋಲಂಗ್ ಕಣಿವೆಯಲ್ಲಿ ಬಾಡಿಗೆಗೆ ಸಿಗುವ ತಲೆಯಿಂದ ಕಾಲಿನವರೆಗಿನ ಒಂದೇ ತುಂಡಿನ ಕೋಟು ತೊಟ್ಟು ಸಾವಿರಾರು ಜನ ಬೆಚ್ಚಗಿರುತ್ತಾರಲ್ಲ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಅವರು ನಿಂತಿರುತ್ತಾರೆ, ಫೋಟೊ ತೆಗೆಸಿಕೊಂಡು ಟ್ಯಾಕ್ಸಿಗೆ ಮರಳುತ್ತಾರೆ. ನಿಲ್ಲುವವರಿಗೆ ಆ ಕೋಟು ಸರಿಯೇ. ಅದನ್ನೇ ತೊಟ್ಟು ಬೆಟ್ಟ ಹತ್ತಲು ಹೊರಟರೆ ಒಳಗಿನ ಸೆಕೆಯನ್ನು ಬಿಡಲು ದಾರಿಯಿಲ್ಲ. ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಅದನ್ನು ಒಳಗಿನಿಂದ ಹೊರಕ್ಕೆ ಖರ್ಚು ಮಾಡುವುದು ಸರಿ: ಎರಡು ಜೊತೆ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಅಂಗಿ ಮೊದಲು, ಉಣ್ಣೆಯ ಕಾಲುಚೀಲ ಆಮೇಲೆ, ಗಾಳಿ ತಡೆಯುವ ಸರಳ ಅಂಗಿ ಅದರ ನಂತರ, ನಡುಪದರಕ್ಕೆ ಮನೆಯಲ್ಲಿರುವ ಹಳೆಯ ಉಣ್ಣೆ ಸ್ವೆಟರೇ ಸಾಕು. ಒಳಅಂಗಿ ಎರಡು ಜೊತೆ ಎಂದದ್ದಕ್ಕೆ ಕಾರಣವಿದೆ. ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೆನ್ನಚೀಲದ ತಳದಲ್ಲಿಟ್ಟಿರಬೇಕು. ಬಿಡಾರ ಸೇರಿದ ಕೂಡಲೇ, ಚಹಾ ಕಾಯಿಸುವುದಕ್ಕೂ ಮೊದಲು, ಹಗಲಿನ ಬೆವರು ಕುಡಿದ ಅಂಗಿಯನ್ನು ಕಳಚಿ ಆ ಒಣ ಅಂಗಿಯನ್ನು ತೊಡಬೇಕು.