ಹುಲ್ಲು ಕೀಳೋರು ಯಾರು?

ಹನೋಯ್‌ಗೆ ಬಂದ ದಿನ ನಮ್ಮ ಓನರ್ ಆಂಟಿ ಕೇಳಿದ ಮೊದಲ ಪ್ರಶ್ನೆ, “ನಿನಗೆ ವಯಸ್ಸೆಷ್ಟು?” ಬೆಂಗಳೂರಿನ ಆಫೀಸಲ್ಲಿ ಹತ್ತು ವರ್ಷ ಎಲ್ಲರನ್ನೂ ಹೆಸರು ಹಿಡಿದು ಕರೆದು ರೂಢಿಯಾಗಿದ್ದ ನನಗೆ ಇದೇನಪ್ಪಾ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ವಿಯೆಟ್ನಾಮೀ ಭಾಷೆಯಲ್ಲಿ ಎದುರಿಗಿರೋರ ವಯಸ್ಸು ಗೊತ್ತಿಲ್ಲದೆ ಮಾತು ಶುರು ಮಾಡೋದೇ ಕಷ್ಟ. ‘ನಾನು’, ‘ನೀನು’ ಅನ್ನೋ ಜಾಗದಲ್ಲಿ ಅಣ್ಣ, ಅಕ್ಕ, ತಮ್ಮ, ಅಜ್ಜಿ ಅಂತ ಸಂಬಂಧದ ಪದಗಳೇ ಬರುತ್ತವೆ. ಲೆಕ್ಕ ಹಾಕಿ ಅವರೇ ತೀರ್ಮಾನ ಮಾಡಿದರು: ಅವರು ನನಗೆ ‘ಬಾಕ್’, ಅಂದರೆ ದೊಡ್ಡಮ್ಮ. ನಾನು ಅವರಿಗೆ ‘ಚಾವ್’, ಮಗನಂಥವನು. ಮದ್ದೂರು ಹತ್ತಿರದ ನಮ್ಮ ಹಳ್ಳಿಯಲ್ಲೂ ದಾರಿಯಲ್ಲಿ ಸಿಕ್ಕವರೆಲ್ಲ ಮಾವ, ಅತ್ತೆ, ದೊಡ್ಡಪ್ಪನೇ ತಾನೇ?

ಇಲ್ಲಿನ ಮನೆಗಳಿಗೆ ಅಗಲ ಕಮ್ಮಿ, ಎತ್ತರ ಜಾಸ್ತಿ. ನಾನಿರೋದು ಮೂರನೇ ಮಹಡಿ. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಬಾಕ್ ಮನೆಯ ಹಿರಿಯರ ಪೀಠ. ತೀರಿಹೋದವರ ಫೋಟೋ, ಊದುಬತ್ತಿ ಚುಚ್ಚೋ ಬಟ್ಟಲು, ಹಣ್ಣು, ನೀರು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ತಪ್ಪದೇ ಪೂಜೆ. ಅವರ ಮೊದಲ ದಿನಕ್ಕೂ ನಮ್ಮ ಕ್ಯಾಲೆಂಡರಿನ ಅಮಾವಾಸ್ಯೆಗೂ ಒಂದು ದಿನದ ವ್ಯತ್ಯಾಸ ಬಂದರೆ ಹೆಚ್ಚು.

ಹೋದ ತಿಂಗಳು ಬಾಕ್ ತಮ್ಮ ಗಂಡನ ‘ಜೋ’ಗೆ ಕರೆದರು. ತೀರಿಹೋದ ತಿಥಿಗೆ ವರ್ಷಕ್ಕೊಮ್ಮೆ ಮಾಡೋ ಊಟ ಅದು. ಬೇಯಿಸಿದ ಇಡೀ ಕೋಳಿ, ಅಂಟು ಅಕ್ಕಿಯ ಅನ್ನ, ಸಣ್ಣ ಲೋಟದಲ್ಲಿ ಅಕ್ಕಿ ಸಾರಾಯಿ, ಪಕ್ಕದಲ್ಲಿ ಒಂದು ಪ್ಯಾಕ್ ಸಿಗರೇಟು. ಊದುಬತ್ತಿ ಉರಿದು ಮುಗಿಯೋ ತನಕ ಯಾರೂ ಮುಟ್ಟಲಿಲ್ಲ. ಮೊದಲು ಹೋದವರು ಉಣ್ಣಬೇಕು.

ನಮ್ಮನೆ ಪಿತೃಪಕ್ಷದ ಎಡೆ ಕಣ್ಮುಂದೆ ಬಂತು. ಮುದ್ದೆ, ಕೋಳಿ ಸಾರು, ಹೊಸ ಪಂಚೆ, ಅಪ್ಪನ ಬೀಡಿ ಕಟ್ಟು ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲೋದು. ಅಪ್ಪ ಹೋಗಿ ಆರು ವರ್ಷ. ಮೊದಲನೇ ವರ್ಷ ಬಿಟ್ಟರೆ ನಾನು ಎಡೆಗೆ ಹೋಗಿಲ್ಲ. ಬೆಂಗಳೂರಲ್ಲಿದ್ದಾಗ “ರಿಲೀಸ್ ಐತೆ ಅಣ್ಣ” ಅಂತಿದ್ದೆ. ಈಗ ಹೇಳಿಕೊಳ್ಳೋಕೆ ವಿಯೆಟ್ನಾಂ ಇದೆ.

ಊಟದ ನಡುವೆ ಬಾಕ್ ಫೋನಿನ ಟ್ರಾನ್ಸ್‌ಲೇಟರಿಗೆ ಏನೋ ಹೇಳಿ ನನ್ನ ಕಡೆ ತಿರುಗಿಸಿದರು. “ನಿಮ್ಮಪ್ಪನ ಸಮಾಧಿ ಎಲ್ಲಿ?”

“ನಮ್ಮ ಗದ್ದೇಲೇ” ಅಂದೆ.

ಅವರ ಮುಖ ಅರಳಿತು. ಅವರ ಗಂಡನದೂ ನಿನ್ ಬಿನ್ ಕಡೆ, ಊರಿನ ಗದ್ದೆಯಲ್ಲೇ. ಆ ಕಡೆ ಬಸ್ಸಲ್ಲಿ ಹೋಗುವಾಗ ನಾನೂ ನೋಡಿದ್ದೆ, ಹಸಿರು ಭತ್ತದ ನಡುವೆ ಬಿಳಿ ಸಮಾಧಿಗಳು. ಇವರ ಭಾಷೆಯಲ್ಲಿ ‘ಮಾ’ ಅನ್ನೋದನ್ನ ಒಂದು ರಾಗದಲ್ಲಿ ಹೇಳಿದರೆ ಸಮಾಧಿ, ಇನ್ನೊಂದು ರಾಗದಲ್ಲಿ ನಾಟಿ ಮಾಡೋ ಪೈರು. ಆರು ರಾಗದ ಈ ಭಾಷೆಯಲ್ಲಿ ನಾನು ಯಾವಾಗಲೂ ಎರಡನ್ನೂ ಅದಲುಬದಲು ಮಾಡ್ತೀನಿ.

ಬಾಕ್ ಮತ್ತೆ ಫೋನ್ ತಿರುಗಿಸಿದರು. “ಹುಲ್ಲು ಕೀಳೋರು ಯಾರು?”

ಇಲ್ಲಿ ಟೆಟ್, ಅಂದರೆ ಹೊಸ ವರ್ಷದ ಹಬ್ಬಕ್ಕೆ ಮುಂಚೆ ಮಕ್ಕಳು ಊರಿಗೆ ಹೋಗಿ ಹಿರಿಯರ ಸಮಾಧಿ ಸ್ವಚ್ಛ ಮಾಡ್ತಾರೆ. ಅದಕ್ಕೇ ಸಹಜವಾಗಿ ಕೇಳಿದ್ದು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಯಾಕಂದ್ರೆ ಎರಡು ವಾರದ ಹಿಂದಷ್ಟೇ ಅಣ್ಣ ಫೋನ್ ಮಾಡಿ, ಆ ಇಪ್ಪತ್ತು ಗುಂಟೆಯನ್ನ ಲೇಔಟಿನವರು ಕೇಳ್ತಾವ್ರೆ ಅಂದಿದ್ದ. “ಮಾರ್ಬುಡು ಅಣ್ಣ, ಅಲ್ಲಿಗೆ ಯಾರು ಹೋಗ್ತಾರೆ?” ಅಂದಿದ್ದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯ್ತು ಅಂದ್ಕೊಂಡಿದ್ದೆ.

ಅವತ್ತು ರಾತ್ರಿನೇ ಫೋನ್ ಮಾಡಿದೆ. “ಅಣ್ಣ, ಅಪ್ಪನ ಸಮಾಧಿ ಹತ್ರ ಹುಲ್ಲು ಯಾರು ಕೀಳೋದು?”

“ಇನ್ಯಾರು ಕಿತ್ತಾರ್ಲಾ? ನಾನೇ. ಯಾಕೆ?”

“ನಾನು ಬರೋ ತನಕ ಸೈನ್ ಹಾಕ್ಬೇಡ.”

“ಬಾ ಮೊದ್ಲು. ಮಗಳ ಕಾಲೇಜ್ ಫೀಸಿಗೆ ನಂಗೂ ದುಡ್ಡು ಬೇಕು ಕಣ್ಲಾ. ಗದ್ದೆ ಉಳ್ಸು ಅಂತ ಅಲ್ಲಿಂದ ಹೇಳೋದು ಸುಲಭ.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹಣದ ಮಾತು ಫೋನಲ್ಲಿ ಮುಗಿಯೋದೂ ಅಲ್ಲ. ಮಹಾಲಯ ಅಮಾವಾಸ್ಯೆಗೆ ಟಿಕೆಟ್ ಬುಕ್ ಮಾಡಿದ್ದೀನಿ. ವಿಷಯ ಕೇಳಿ ಬಾಕ್ ಒಂದು ಕಟ್ಟು ಊದುಬತ್ತಿ ತಂದುಕೊಟ್ಟರು. ಮೂರೇ ಹಚ್ಚಬೇಕಂತೆ, ಎರಡು ಬೇಡವಂತೆ. ಹಚ್ಚೋಕೆ ಮುಂಚೆ ಹುಲ್ಲು ಕೀಳೋದು ಮರೀಬೇಡ ಅಂದರು.