ಮೇಳಿಯ ಹೊಳಪು

ದೇವದುರ್ಗದ ಬಡಿಗೇರರ ಅಂಗಳದಲ್ಲಿ ಮುರಿದ ಕುಂಟೆಯೊಂದು ಗೋಡೆಗೊರಗಿ ನಿಂತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಒಯ್ಯಲು ಯಾರೂ ಬಂದಿರಲಿಲ್ಲ. ಒಲೆಯ ಸರದಿ ಕಾಯುತ್ತಿತ್ತು. ಅದರ ಮೇಳಿ ಮಾತ್ರ, ಕೈ ಹಿಡಿಯುವ ಗೇಣುದ್ದ ಜಾಗದಲ್ಲಿ, ಎಣ್ಣೆ ಸವರಿದ ಹಾಗೆ ಮಿರಿಮಿರಿ ಎನ್ನುತ್ತಿತ್ತು. ಯಾರೂ ಪಾಲಿಶ್ ಹಾಕಿದ್ದಲ್ಲ. ಎರೆಹೊಲದ ಧೂಳು, ಬೆವರು, ಅಂಗೈ, ಅಷ್ಟೇ. ಕೇಳಿದೆ, ಕೊಟ್ಟರು. ರಾಯಚೂರಿನ ತನಕ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಸವರುತ್ತ ಬಂದೆ. ಪಕ್ಕದವರು ಯಾರದೋ ತಲೆ ಒಡೆಯಲು ಹೊರಟವನನ್ನು ನೋಡುವಂತೆ ನನ್ನನ್ನು ನೋಡಿದರು.

ಮನೆಗೆ ಬಂದು ಮಾಡಿದ್ದೇನು? ತುಂಡು ಕೊಯ್ದು ಲೇಥಿಗೆ ಕಟ್ಟಿ, ಆ ಹೊಳಪನ್ನೆಲ್ಲ ಒಂದೇ ನಿಮಿಷದಲ್ಲಿ ಹೆರೆದು ನೆಲಕ್ಕೆ ಚೆಲ್ಲಿದೆ. ಮರದ ಪೆನ್ನು ಮಾಡುವ ಹುಚ್ಚೇ ಇಂಥದ್ದು. ತಲೆಮಾರುಗಳ ಹೊಳಪು ತೆಗೆದು, ನನ್ನದೊಂದು ಹೊಳಪು ತರಲು ಮೂರು ದಿನ ಒದ್ದಾಡುವುದು.

ಮೇಳಿ ಜಾಲಿಯದು. ಗಟ್ಟಿ ಮರ, ಒಳಗೆ ಕೆಂಪುಗಂದು. 7 ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ಕೊಳವೆ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಸಪಾಟು ಪೆನ್ನಿಗೆ ಹೊಳಪು ತರುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ತೊಟ್ಟಿಲ ಕಾಲಿನ ಗುಂಡು, ಬಳೆ, ಕೊರಳು ನೋಡುತ್ತ ಬೆಳೆದವನಿಗೆ ಸಪಾಟು ಕೋಲು ರುಚಿಸುವುದಿಲ್ಲ. ಬೆರಳು ಹಿಡಿಯುವಲ್ಲಿಂದ ತುಸು ಮೇಲೆ ಜೋಳದ ಕಾಳಿನ ಗಾತ್ರದ ಮೂರು ಮಣಿ, ನಡುವೆ ಸೂಜಿಮೊನೆಯಂಥ ಎರಡು ತೋಡು. ಇದು ನನ್ನ ಚಪಲ, ಕಷ್ಟವೂ ಇಲ್ಲೇ.

ರಾಯಚೂರಿನ ತೀನ್ ಕಂದೀಲ್ ಕಡೆಯ ಅಂಗಡಿಗಳಲ್ಲಿ ಹೊಳಪಿಗೆ 'ಶೆಲ್ಯಾಕ್' ಬೇಕು ಎಂದರೆ ಮುಖ ನೋಡುತ್ತಾರೆ, 'ಚಪಡಾ' ಎಂದರೆ ಪೊಟ್ಟಣ ಕಟ್ಟಿಕೊಡುತ್ತಾರೆ. ಮುತ್ತುಗ, ಬಾರಿಗಿಡದ ರೆಂಬೆಗೆ ಅರಗಿನ ಹುಳು ಒಸರಿಸಿದ ಅಂಟನ್ನು ಕರಗಿಸಿ, ಹಾಳೆಯಂತೆ ಎಳೆದು ಒಡೆದ ಚಕ್ಕೆ ಅದು. ರಾತ್ರಿ ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಬೆಳಗ್ಗೆ ಜೇನಿನ ಬಣ್ಣ. ಚನ್ನಪಟ್ಟಣದವರು ತಿರುಗುವ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೇ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಆಮೇಲೆ ಗರಿ ಹಿಡಿದು ಮಿನುಗಿಸುತ್ತಾರೆ. ಅವರ ಗೊಂಬೆಯಲ್ಲಿ ಬಣ್ಣ ಕಾಣಬೇಕು, ನನ್ನ ಪೆನ್ನಿನಲ್ಲಿ ಮರದ ಎಳೆ ಕಾಣಬೇಕು. ಹಾಗಾಗಿ ಬಣ್ಣ ಬೆರೆಸದ ಚಪಡಾ, ಅದೂ ನೀರಿನಷ್ಟು ತೆಳ್ಳಗೆ.

ಮೊದಮೊದಲು ಬಟ್ಟೆ ಅದ್ದಿ ಧಾರಾಳವಾಗಿ ಒತ್ತಿದೆ. ಮಣಿಯ ನೆತ್ತಿಯಲ್ಲಿ ಹಚ್ಚಿದ್ದೆಲ್ಲ ಉಜ್ಜಿಹೋಯಿತು, ತೋಡಿನಲ್ಲಿ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತು. ಅದನ್ನು ತೆಗೆಯಲು ಮರಳುಕಾಗದ ಹಿಡಿದರೆ ಮಣಿಗಳ ಅಂಚು ಹೋಗಿ ನೆನೆದ ಕಡಲೆಕಾಳಿನಂತಾದವು. ಈಗ ತೋಡಿಗೆ ಕಾಗದ ಮುಟ್ಟಿಸುವುದೇ ಇಲ್ಲ. ಹಳೇ ಧೋತರದ ಅಂಚನ್ನು ಹುರಿ ಮಾಡಿ, ಒಂದೇ ಹನಿ ತಾಗಿಸಿ, ತಿರುಗುವ ತೋಡಿನೊಳಗೆ ಇಳಿಬಿಡುತ್ತೇನೆ. ಎಣಿಸಿದರೆ ಮೂರು ಉಸಿರು, ಅಷ್ಟರಲ್ಲಿ ತೆಗೆಯಬೇಕು. ಹೀಗೆ ಹತ್ತು ಹನ್ನೆರಡು ಸಲ. ಎಂಟನೆಯದರ ಹೊತ್ತಿಗೆ ಮಣಿಯ ನೆತ್ತಿಯಲ್ಲಿ ಟ್ಯೂಬ್‌ಲೈಟು ಒಂದು ಸಣ್ಣ ಬಿಳಿ ಗೆರೆಯಾಗಿ ಮೂಡುತ್ತದೆ. ಆ ಗೆರೆ ನಡುಗದೆ ನಿಂತರೆ ಹೊಳಪು ಕೂತಿತು ಎಂದರ್ಥ.

ನಮ್ಮೂರ ಹವೆಗೂ ಚಪಡಾಕ್ಕೂ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ ಬಟ್ಟೆ ತಾಗುವುದರೊಳಗೆ ಸ್ಪಿರಿಟ್ ಹಾರಿ ಗೀರು ಬೀಳುತ್ತದೆ. ಫ್ಯಾನ್ ಹಾಕಿದರೆ ಧೂಳು. ಮಳೆಗಾಲದ ತೇವಕ್ಕೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದ ಮೇಲಿನ ಬೆಳಗುಗಳೇ ಸರಿ.

ಆ ಮೇಳಿಯ ಪೆನ್ನನ್ನು ಮಾನ್ವಿಯ ಗೆಳೆಯನಿಗೆ ಕೊಟ್ಟೆ. ರೈಸ್ ಮಿಲ್ಲಿನ ಲೆಕ್ಕ ಬರೆಯುವವನು. 2020ರಲ್ಲಿ ಎಲ್ಲರ ಕೈಯಲ್ಲೂ ಸ್ಯಾನಿಟೈಸರ್. ಅದೂ ಸ್ಪಿರಿಟ್ಟಿನ ಜಾತಿಯೇ ಎಂದು ಅವನಿಗೇನು ಗೊತ್ತು, ನನಗೂ ಹೊಳೆಯಲಿಲ್ಲ. ಮುಂದೆ ಅವನು ಬಂದಾಗ ನೋಡಿದರೆ, ಒದ್ದೆ ಕೈಯಲ್ಲೇ ಬರೆದು ಬರೆದು, ಹೊಳಪು ಕರಗಿ ಅವನ ಮೂರು ಬೆರಳ ಗುರುತು ಅಚ್ಚಾಗಿತ್ತು. ತೋಡಿನಲ್ಲಿ ತೌಡು ಬೇರೆ. ಚಪಡಾದ ಗುಣ ದೊಡ್ಡದು, ಹೊಸ ಕೋಟು ಹಳೆಯದನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅರ್ಧ ದಿನದ ಕೆಲಸ. ಹುರಿ ಹೊಸೆದು, ಹನಿ ತಾಗಿಸಲು ಹೋದೆ.

"ಇರ್ಲಿ ಬಿಡು ಮಾರಾಯ," ಎಂದು ಕೈಯಿಂದ ಕಸಿದುಕೊಂಡ. "ಈಗ ಬೆರಳಿಗೆ ಸರಿ ಕುಂತೈತಿ."

ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತೌಡಷ್ಟೇ ತೆಗೆದುಕೊಟ್ಟೆ.